ಒಬ್ಬೊಬ್ಬರಾಗಿ ಸೇರಬೇಡಿ

ಮರಳಿ ಹೋಬಳಿಯಲ್ಲೂ ಅದರಾಚೆ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಊರುಗಳಲ್ಲೂ ಪಿಯುಸಿಗೆ ಓದು ನಿಲ್ಲಿಸಿ, ಈಗ ಎಕ್ಸ್‌ಟರ್ನಲ್ ಆಗಿ, ಅಂದರೆ ದೂರಶಿಕ್ಷಣದಲ್ಲಿ, ಪದವಿ ಕಟ್ಟಬೇಕೆಂದು ಮನಸ್ಸು ಮಾಡಿರುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಈ ಪತ್ರ.

ಅರ್ಜಿ ಹಾಕುವ ಮೊದಲು ನಿಮ್ಮಲ್ಲಿ ಹೆಚ್ಚಿನವರು ಕೇಳುವುದು ಫೀಸು ಎಷ್ಟು, ಪುಸ್ತಕ ಯಾವಾಗ ಬರುತ್ತವೆ, ಪರೀಕ್ಷೆ ಎಲ್ಲಿ ಎಂದು. ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಉತ್ತರ ಸಿಕ್ಕ ಮೇಲೂ ಮುಖ್ಯವಾದದ್ದು ಉಳಿದೇ ಇರುತ್ತದೆ. ದಿನಾ ಹೋಗುವ ಕಾಲೇಜು ಪಾಠವನ್ನಷ್ಟೇ ಕೊಡುವುದಿಲ್ಲ. ಹೊತ್ತಿಗೆ ಸರಿಯಾಗಿ ಹೊಡೆಯುವ ಗಂಟೆ, ಕೂರಲು ಒಂದು ಬೆಂಚು, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುವ ಮೇಷ್ಟ್ರು, ನೋಟ್ಸ್ ಕೊಡುವ ಗೆಳತಿ, ಪರೀಕ್ಷಾ ಫೀಸಿನ ಕಡೇ ದಿನ ಯಾವುದೆಂದು ಕೂಗಿ ಹೇಳುವ ಗುಮಾಸ್ತ, ಇವೆಲ್ಲವೂ ಅಲ್ಲಿವೆ. ಯಾವುದಕ್ಕೂ ರಸೀದಿ ಇರುವುದಿಲ್ಲ, ಹಾಗಾಗಿ ಅವಕ್ಕೊಂದು ಬೆಲೆ ಇದೆ ಎಂದು ನಮಗೆ ತೋರುವುದೂ ಇಲ್ಲ. ದೂರಶಿಕ್ಷಣ ನಮ್ಮ ಕೈಗೆ ಪುಸ್ತಕವನ್ನೂ ಪರೀಕ್ಷೆಯನ್ನೂ ಕೊಟ್ಟು ಉಳಿದದ್ದನ್ನು ನಮಗೇ ಬಿಡುತ್ತದೆ. ಸೇರುವ ಮೊದಲಿನ ಸಿದ್ಧತೆ ಎಂದರೆ ಆ ಉಳಿದದ್ದನ್ನು ಊರಲ್ಲೇ ಕಟ್ಟಿಕೊಳ್ಳುವುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಆದ್ದರಿಂದಲೇ ನಾಲ್ಕೈದು ಜನ ಕೂಡುವ ತನಕ ಯಾರೂ ಅರ್ಜಿ ತುಂಬಬೇಡಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಮೊದಲು ತಿಂಗಳುಗಳ ಲೆಕ್ಕ ನೋಡೋಣ. ದೂರಶಿಕ್ಷಣದ ಪ್ರವೇಶ ವರ್ಷಕ್ಕೆರಡು ಸಲ, ಜುಲೈ ಸುಮಾರಿಗೆ ಒಮ್ಮೆ, ಜನವರಿ ಸುಮಾರಿಗೆ ಇನ್ನೊಮ್ಮೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ತನ್ನ ಪರೀಕ್ಷೆಗಳನ್ನು ಜೂನ್‌ಗೆ ಮತ್ತು ಡಿಸೆಂಬರ್‌ಗೆ ಇಟ್ಟುಕೊಂಡಿದೆ. ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಪಕ್ಕದಲ್ಲಿಟ್ಟು ನೋಡಿ. ಕಾಲುವೆಗೆ ನೀರು ಬಿಟ್ಟ ಮೇಲೆ ಜುಲೈ-ಆಗಸ್ಟ್‌ನಲ್ಲಿ ನಾಟಿ, ನವೆಂಬರ್-ಡಿಸೆಂಬರ್‌ನಲ್ಲಿ ಕಟಾವು. ಎರಡನೇ ಬೆಳೆಗೆ ನೀರು ಸಿಕ್ಕರೆ ಜನವರಿಯಿಂದ ಮತ್ತೆ ನಾಟಿ, ಏಪ್ರಿಲ್-ಮೇನಲ್ಲಿ ಮತ್ತೆ ಕಟಾವು. ಪುಸ್ತಕ ಬಿಚ್ಚಬೇಕಾದ ಎರಡೂ ಹೊತ್ತು ನಾಟಿಯ ಹೊತ್ತು. ಡಿಸೆಂಬರ್ ಪರೀಕ್ಷೆಯ ಓದಂತೂ ಸುಗ್ಗಿಯ ನಡುವೆಯೇ ಆಗಬೇಕು. ಗದ್ದೆಯನ್ನೇ ಕಾಣದವರು ಮಾಡಿದ ವೇಳಾಪಟ್ಟಿ ಎಂದು ಬೈದು ಸುಮ್ಮನಾಗಬಹುದು. ಆದರೆ ಅದು ಇಡೀ ದೇಶಕ್ಕೆ ಮಾಡಿದ್ದು, ಮರಳಿಗಾಗಿ ಬದಲಾಗುವುದಿಲ್ಲ. ಕಾಲುವೆಯ ವೇಳಾಪಟ್ಟಿಯೂ ಗಟ್ಟಿಯಲ್ಲ ಎನ್ನುವುದು 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎಲ್ಲರಿಗೂ ಗೊತ್ತಾಯಿತು. ಕುಷ್ಟಗಿ, ಯಲಬುರ್ಗಾ ಕಡೆಯ ಕಷ್ಟದ ಬಗೆಯೇ ಬೇರೆ. 2002ರ ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದವೆಂದು ಹೆಸರಿಸಿದ 39 ತಾಲ್ಲೂಕುಗಳಲ್ಲಿ ಇವೆರಡೂ ಸೇರಿವೆ. ಮಳೆ ನಂಬಿದ ಹೊಲ, ಒಂದೇ ಬೆಳೆ, ಆಮೇಲೆ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಗುಳೆ. ಪುಸ್ತಕ ಊರಿನ ವಿಳಾಸಕ್ಕೆ ಬಂದು ಬಿದ್ದಿರುತ್ತದೆ, ಓದಬೇಕಾದವರು ಇನ್ನೆಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾರೆ.

ಇನ್ನು ದಿನದ ಲೆಕ್ಕ. ಇಗ್ನೋ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು ಎಂದು ಎಣಿಸುತ್ತದೆ. 120 ಕ್ರೆಡಿಟ್‌ನ ಮೂರು ವರ್ಷದ ಪದವಿಗೆ 3600 ಗಂಟೆ, ವರ್ಷಕ್ಕೆ 1200 ಗಂಟೆ ಬೇಕಾಯಿತು. ಒಂದು ದಿನವೂ ತಪ್ಪಿಸದೆ ಓದಿದರೆ ದಿನಕ್ಕೆ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ. ನಾಟಿ, ಕಟಾವು, ಜಾತ್ರೆ, ಮದುವೆ, ಜ್ವರ ಎಂದು ವರ್ಷದಲ್ಲಿ ನೂರು ದಿನ ಕೈತಪ್ಪಿತು ಎಂದುಕೊಳ್ಳಿ, ಉಳಿದ ದಿನಗಳಲ್ಲಿ ನಾಲ್ಕೂವರೆ ಗಂಟೆ ಓದಬೇಕು. ಮುಂಜಾನೆಯಿಂದ ಸಂಜೆವರೆಗೆ ರೈಸ್ ಮಿಲ್ಲಿನಲ್ಲೋ ಗದ್ದೆಯಲ್ಲೋ ದುಡಿದು ಬಂದವರಿಂದ ಇದು ಆಗದ ಮಾತು. ಹೆದರಿಸಲು ಹೇಳುತ್ತಿಲ್ಲ. ಇಗ್ನೋದ ಮೂರು ವರ್ಷದ ಪದವಿಯನ್ನು ಮುಗಿಸಲು ಆರು ವರ್ಷದವರೆಗೆ ಅವಕಾಶವಿದೆ. ಮೊದಲೇ ಐದು ವರ್ಷದ ಲೆಕ್ಕ ಹಾಕಿದರೆ ವರ್ಷಕ್ಕೆ 720 ಗಂಟೆ ಸಾಕು, ನೂರು ದಿನ ಕಳೆದರೂ ದಿನಕ್ಕೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಮೂರು ವರ್ಷ ಎಂದು ಮನೆಯವರಿಗೆ ಮಾತು ಕೊಟ್ಟು ಐದಾದಾಗ ಅದು ಸೋಲಿನಂತೆ ಕಾಣುತ್ತದೆ, ಐದೆಂದೇ ಹೇಳಿದ್ದರೆ ಹೇಳಿದಂತೆ ನಡೆದ ಹಾಗಾಗುತ್ತದೆ. ನೀವು ಸೇರುವ ವಿಶ್ವವಿದ್ಯಾಲಯದ ಗರಿಷ್ಠ ಅವಧಿ ಎಷ್ಟೆಂದು ವಿವರಣ ಪುಸ್ತಿಕೆಯಲ್ಲಿ ನೋಡಿಕೊಂಡೇ ಮನೆಯಲ್ಲಿ ಮಾತೆತ್ತಿ.

ಗಟ್ಟಿ ಮನಸ್ಸಿದ್ದರೆ ಒಬ್ಬರೇ ಓದಬಹುದಲ್ಲ, ಗುಂಪು ಯಾಕೆ ಎಂದು ನೀವು ಕೇಳಬಹುದು. ಕೆಲವರು ಓದಿಯೇ ಓದುತ್ತಾರೆ. ಆದರೆ ಮನಸ್ಸಿನ ಗಟ್ಟಿತನ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಸೇರಿ ನಡೆಸಿದ ಆನ್‌ಲೈನ್ ಕೋರ್ಸುಗಳ ಅಂಕಿಅಂಶ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಅವುಗಳಿಗೆ ಹೆಸರು ಹಚ್ಚಿದವರಲ್ಲಿ ಮುಗಿಸಿದವರು ಶೇ 3.13 ಮಾತ್ರ. ಹಣ ಕಟ್ಟಿ ಪ್ರಮಾಣಪತ್ರಕ್ಕೆಂದೇ ಸೇರಿದವರಲ್ಲಿ ಶೇ 46 ಮಂದಿ ಮುಗಿಸಿದರು. ದುಡ್ಡು ಕಟ್ಟುವುದರಿಂದ ಹಿಡಿತ ಬರುತ್ತದೆ, ನಿಜ. ಆದರೂ ಕಟ್ಟಿದವರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ದಡ ಮುಟ್ಟಲಿಲ್ಲ. ಮರುವರ್ಷ ಬಂದ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಎರಡೂವರೆ ಲಕ್ಷ ವಿದ್ಯಾರ್ಥಿಗಳ ಮೇಲೆ ಎರಡೂವರೆ ವರ್ಷ ನಡೆದ ಆ ಪ್ರಯೋಗದಲ್ಲಿ, ಯಾವಾಗ ಎಲ್ಲಿ ಓದುತ್ತೀರಿ ಎಂದು ಕೆಲವರಿಂದ ಮೊದಲೇ ಯೋಜನೆ ಬರೆಸಿದರು. ಬರೆದವರು ಮೊದಲ ಕೆಲವು ವಾರ ಚುರುಕಾಗಿದ್ದರು. ಕೊನೆಗೆ ಮುಗಿಸಿದವರ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ಲಿನ ಆಯುಷ್ಯ ಇಷ್ಟೇ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಅವರ ಕೋರ್ಸುಗಳು ಕೆಲವೇ ವಾರಗಳವು, ನಮ್ಮ ಪದವಿ ವರ್ಷಗಟ್ಟಲೆಯದು, ಎರಡಕ್ಕೂ ಪೂರ್ತಿ ಹೋಲಿಕೆ ಸಲ್ಲದು ಎಂಬ ಮಾತನ್ನೂ ಒಪ್ಪುತ್ತೇನೆ. ಆದರೆ ಕೆಲವೇ ವಾರ ಬಾಳದ ಸಂಕಲ್ಪ ಐದು ವರ್ಷ ಬಾಳುತ್ತದೆ ಎಂದು ನಂಬಲು ಆ ವ್ಯತ್ಯಾಸ ಕಾರಣವಾಗುವುದಿಲ್ಲ.

ಗುಂಪು ಮಾಡುವುದನ್ನು ಈ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ. ನಾಟಿಯನ್ನು ಇಲ್ಲಿ ಯಾವ ಹೆಣ್ಣುಮಗಳೂ ಒಬ್ಬಳೇ ಹಿಡಿಯುವುದಿಲ್ಲ. ಹತ್ತು ಹನ್ನೆರಡು ಜನ ಕೂಡಿ, ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಡಿ ಗದ್ದೆಗಿಳಿಯುತ್ತಾರೆ, ಒಬ್ಬಳು ಹಿಂದೆ ಬಿದ್ದರೆ ಪಕ್ಕದವಳು ಅವಳ ಸಾಲಿಗೂ ಕೈ ಹಾಕುತ್ತಾಳೆ. ಓದಿನ ಗುಂಪೂ ಅದೇ ಬಗೆಯದಾಗಲಿ. ನಾಲ್ಕೈದು ಜನ, ಸಾಧ್ಯವಾದರೆ ಒಂದೇ ಪದವಿ, ಒಂದೇ ಐಚ್ಛಿಕ ವಿಷಯಗಳು. ವಾರದಲ್ಲಿ ಎರಡು ಸಂಜೆ ಕೂಡುವುದು, ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರು ಓದಿಕೊಂಡು ಬಂದು ಉಳಿದವರಿಗೆ ಹೇಳುವುದು. ಬೇರೆಯವರಿಗೆ ತಿಳಿಸಿ ಹೇಳಬೇಕೆಂದಾಗಲೇ ನಮಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಗೊತ್ತಾಗುವುದು. ಅಸೈನ್‌ಮೆಂಟ್ ಮಾತ್ರ ಅವರವರದೇ ಆಗಿರಬೇಕು, ಒಬ್ಬರು ಬರೆದದ್ದನ್ನು ನಾಲ್ವರು ಇಳಿಸಿಕೊಳ್ಳುವುದಾದರೆ ಗುಂಪು ಕಟ್ಟುವುದೇ ಬೇಡ. ಅರ್ಜಿ ಹಾಕುವ ಮೊದಲಿನ ಮೂರು ತಿಂಗಳು ಈ ಗುಂಪು ಯಾವುದಾದರೂ ಒಂದು ಪಠ್ಯಪುಸ್ತಕವನ್ನು ಹಿಡಿದು ಹೀಗೆಯೇ ಓದಿ ನೋಡಲಿ. ಆ ಮೂರು ತಿಂಗಳಲ್ಲಿ ಒಂದು ನಾಟಿಯಾಗಲಿ ಒಂದು ಕಟಾವಾಗಲಿ ಬಂದುಹೋಗುವಂತೆ ಆರಿಸಿಕೊಳ್ಳಿ, ಬಿಡುವಿನ ದಿನಗಳಲ್ಲಿ ಪರೀಕ್ಷಿಸಿ ನೋಡಿದರೆ ಪ್ರಯೋಜನವಿಲ್ಲ. ಕೆಲಸದ ಹೊತ್ತಿನಲ್ಲೂ ವಾರಕ್ಕೊಮ್ಮೆಯಾದರೂ ಕೂಡಲು ಆದರೆ ಫೀಸು ಕಟ್ಟಿ. ಆಗದಿದ್ದರೆ ಉಳಿಯುವುದು ದುಡ್ಡು, ಅದೂ ಸಣ್ಣ ಲಾಭವಲ್ಲ.

ಪದವಿ ಬೇಕಾಗಿರುವುದು ನೌಕರಿಗೆ, ಬಡ್ತಿಗೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಗೈಡ್ ಓದಿದರೆ ಪಾಸಾಗುತ್ತದೆ, ಇಷ್ಟೆಲ್ಲ ಯಾಕೆ ಎನ್ನುವವರಿಗೆ ಸುಲಭದ ಉತ್ತರ ನನ್ನಲ್ಲಿಲ್ಲ, ಏಕೆಂದರೆ ಹಾಗೆ ಪಾಸಾಗುವುದು ಅಸಾಧ್ಯವೇನಲ್ಲ. ಆದರೆ ಯಾವ ನೌಕರಿ? ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ನಮ್ಮವರಿಗೆ ಮೀಸಲು. ಆ ಮೀಸಲಾತಿಯ ಒಳಗೆ ನಿಮ್ಮ ಜೊತೆ ಸ್ಪರ್ಧಿಸುವವರೂ ಈ ಸೀಮೆಯವರೇ, ಅವರಲ್ಲಿ ಎಷ್ಟೋ ಜನ ಮೂರು ವರ್ಷ ತರಗತಿಯಲ್ಲಿ ಕೂತು ಬಂದವರು. ಪದವಿಯ ಕಾಗದ ಅರ್ಜಿ ಹಾಕಲು ಬಿಡುತ್ತದೆ, ಸ್ಪರ್ಧಾತ್ಮಕ ಪರೀಕ್ಷೆಯ ಅಂಕವನ್ನು ತಂದುಕೊಡುವುದಿಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರವನ್ನು ಗೈಡಿನಲ್ಲಿ ದಾಟಿಸಿದವರು ಆಮೇಲೆ ಅದೇ ವಿಷಯಗಳನ್ನು ಕೋಚಿಂಗ್‌ಗೆ ದುಡ್ಡು ಕೊಟ್ಟು ಮತ್ತೊಮ್ಮೆ ಕಲಿಯಬೇಕಾಗುತ್ತದೆ. ಒಂದೇ ಓದಿಗೆ ಎರಡು ಸಲ ದುಡ್ಡು ಕೊಡುವಷ್ಟು ಸಿರಿತನ ನಮ್ಮಲ್ಲಿ ಎಷ್ಟು ಮನೆಗಳಿಗಿದೆ?

ಹೆಣ್ಣುಮಕ್ಕಳು ಎತ್ತುವ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಮನೆಗೆಲಸ ಮುಗಿಯುವುದೇ ರಾತ್ರಿ ಒಂಬತ್ತಕ್ಕೆ, ಸಂಜೆ ಹೊರಗೆ ಹೋಗಿ ಗುಂಪಿನಲ್ಲಿ ಕೂತು ಓದುತ್ತೇನೆ ಎಂದರೆ ಯಾರು ಬಿಡುತ್ತಾರೆ? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಕೊಪ್ಪಳ ಜಿಲ್ಲೆಯದು ಶೇ 68.09. ಅದರಲ್ಲಿ ಗಂಡಸರದು ಶೇ 78.54, ಹೆಂಗಸರದು ಶೇ 57.55. ಅಂದರೆ ಇಂದು ಪದವಿಗೆ ಹೊರಟಿರುವ ಎಷ್ಟೋ ಹುಡುಗಿಯರ ಅವ್ವಂದಿರು ಅಕ್ಷರ ಕಾಣದವರು. ಅಸೈನ್‌ಮೆಂಟ್ ಎಂದರೇನು, ಅದಕ್ಕೆ ಇಷ್ಟು ಹೊತ್ತು ಯಾಕೆ ಬೇಕು ಎಂದು ಮನೆಯಲ್ಲಿ ತಿಳಿದವರಿಲ್ಲ. ಆ ಅವ್ವನ ತಪ್ಪು ಇದರಲ್ಲಿ ಏನೂ ಇಲ್ಲ. ಹೊತ್ತಿನ ಮಾತನ್ನು ಮನೆಯಲ್ಲಿ ಸೇರುವ ಮೊದಲೇ, ಬಿಡಿಸಿ ಆಡಬೇಕು: ಸಂಜೆ ರೊಟ್ಟಿ ಬಡಿಯುವವರು ಯಾರು, ಪರೀಕ್ಷೆಯ ದಿನ ದನಕ್ಕೆ ಮೇವು ಹಾಕುವವರು ಯಾರು, ಕೂಲಿ ತಪ್ಪಿದ ದಿನದ ದುಡ್ಡು ಎಲ್ಲಿಂದ ಎಂದು. ಒಬ್ಬಳ ಮಾತನ್ನು ಮನೆಯವರು ಹಟ ಎಂದು ತಳ್ಳಿಹಾಕಬಹುದು. ಅದೇ ಓಣಿಯ ನಾಲ್ಕು ಮನೆಯ ಹುಡುಗಿಯರು ಒಂದೇ ಮಾತನ್ನು ಹಿಡಿದು ಬಂದಾಗ, ನಾಲ್ಕು ಜನ ಅವ್ವಂದಿರು ತಮ್ಮೊಳಗೇ ಮಾತಾಡಿಕೊಂಡಾಗ, ತಳ್ಳಿಹಾಕುವುದು ಅಷ್ಟು ಸಲೀಸಲ್ಲ. ಸಂಜೆ ಹೊರಗೆ ಹೋಗುವುದು ಆಗದಿದ್ದರೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯ ಪಡಸಾಲೆಯಲ್ಲೇ ಕೂಡಿ. ಮದುವೆಯಾಗಿ ಬೇರೆ ಊರಿಗೆ ಹೋದರೆ ಗುಂಪು ಜೊತೆಗೆ ಬರುವುದಿಲ್ಲ ಎನ್ನುವುದೂ ನಿಜವೇ. ಫೋನಿನಲ್ಲಿ ಉಳಿಯುವುದು ಅರ್ಧ ಗುಂಪಷ್ಟೇ, ಆದರೆ ಓದು ನಿಂತೇ ಹೋಯಿತು ಅನ್ನುವುದಕ್ಕಿಂತ ಅದು ಮೇಲು. ಗುಳೆ ಹೋಗುವವರಿಗೂ ಇದೇ ಮಾತು. ಇಗ್ನೋದಲ್ಲಿ ಪರೀಕ್ಷಾ ಅರ್ಜಿ ತುಂಬುವಾಗ ಕೇಂದ್ರವನ್ನು ಆರಿಸಿಕೊಳ್ಳುವ ಅವಕಾಶವಿದೆ, ಆ ಹೊತ್ತಿಗೆ ನೀವು ಯಾವ ಊರಲ್ಲಿರುತ್ತೀರಿ ಎಂದು ನೋಡಿ ತುಂಬಬಹುದು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ದಿನಾ ಕಾಲೇಜಿಗೆ ಹೋಗಲು ಯಾವ ದಾರಿ ಇದ್ದರೂ ಅದೇ ಮೇಲು. ಗಂಗಾವತಿಯಲ್ಲಿ ಶ್ರೀ ಕೊಲ್ಲಿ ನಾಗೇಶ್ವರರಾವ್ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಬಸ್ ಖರ್ಚೊಂದೇ ಅಡ್ಡಿಯಾಗಿದ್ದ ಹುಡುಗಿ ಎಕ್ಸ್‌ಟರ್ನಲ್ ಕಟ್ಟುವುದಕ್ಕೆ ಈಗ ಕಾರಣವಿಲ್ಲ. ದೂರಶಿಕ್ಷಣ ಇರುವುದು ದುಡಿಮೆ ಬಿಡಲಾಗದವರಿಗೆ, ಮನೆ ಬಿಡಲಾಗದವರಿಗೆ, ವಯಸ್ಸು ಮೀರಿತೆಂದು ತರಗತಿಗೆ ಹೋಗಲು ಸಂಕೋಚಪಡುವವರಿಗೆ. ನಮ್ಮಲ್ಲಿ ಅಂಥವರೇ ಬಹಳ ಎಂಬುದು ಬೇರೆ ಮಾತು.

ದೂರಶಿಕ್ಷಣದ ಪದವಿಗೆ ಬೆಲೆ ಇಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಅದಕ್ಕೆ ಕಾರಣವೂ ಇತ್ತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಶುರುಮಾಡಿದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದು ರಾಜ್ಯದ ಗಡಿಯಾಚೆಗೂ ಕೇಂದ್ರಗಳನ್ನು ನಡೆಸಿ ನಿಯಮ ಮೀರಿತು ಎಂಬ ಕಾರಣಕ್ಕೆ, 2013-14ರಿಂದ ಮುಂದಕ್ಕೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮತ್ತೆ ಸಿಕ್ಕಿದ್ದು 2018-19ಕ್ಕೆ. ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳು ಅನುಭವಿಸಿದ್ದನ್ನು ನೆನೆದರೆ ಊರಿನ ಹಿರಿಯರ ಅನುಮಾನ ಸಹಜ ಎನಿಸುತ್ತದೆ. ಆದರೆ ಇಂದಿನ ನಿಯಮ ಸ್ಪಷ್ಟವಾಗಿದೆ: ಯುಜಿಸಿಯ 2020ರ ನಿಯಮಾವಳಿಯಂತೆ ಮಾನ್ಯತೆ ಇರುವ ಸಂಸ್ಥೆ ದೂರಶಿಕ್ಷಣದಲ್ಲಿ ಕೊಟ್ಟ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ‘ಮಾನ್ಯತೆ ಇರುವ’ ಎಂಬುದನ್ನು ಬಿಟ್ಟು ಓದಬೇಡಿ. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಅನುಮತಿ ಇದೆಯೇ ಎಂದು ನೋಡಬೇಕು, ಸಂಸ್ಥೆಯ ಹೆಸರಿದ್ದರಷ್ಟೇ ಸಾಲದು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳಿಗೆ ದೂರಶಿಕ್ಷಣದಲ್ಲಿ ಅನುಮತಿಯೇ ಇಲ್ಲ. 2025ರಿಂದ ಮನಶ್ಶಾಸ್ತ್ರ, ಮೈಕ್ರೊಬಯಾಲಜಿ, ಬಯೊಟೆಕ್ನಾಲಜಿ, ಪೋಷಣಾ ವಿಜ್ಞಾನದ ಕೋರ್ಸುಗಳನ್ನೂ ತೆಗೆದಿದ್ದಾರೆ. ಮನೆಯಲ್ಲೇ ಕೂತು ಬಿ.ಇ. ಮುಗಿಸಿ ಎಂದು ಯಾರಾದರೂ ಹೇಳಿದರೆ, ಅಂಥ ಪದವಿಗಳನ್ನು ಹಂಚಿದ್ದ ಡೀಮ್ಡ್ ವಿಶ್ವವಿದ್ಯಾಲಯಗಳ ವಿರುದ್ಧ ಸುಪ್ರೀಂ ಕೋರ್ಟ್ 2017ರಲ್ಲಿ ಕೊಟ್ಟ ತೀರ್ಪನ್ನು ಅವರಿಗೆ ನೆನಪಿಸಿ. ಹೊಸ ಪ್ರವೇಶಕ್ಕೆ ಡೆಬ್ ಐಡಿ ಎಂಬ ಗುರುತಿನ ಸಂಖ್ಯೆ 2024ರಿಂದ ಕಡ್ಡಾಯವಾಗಿದೆ, ಅದಕ್ಕೆ ವಿದ್ಯಾರ್ಥಿಯ ಕ್ರೆಡಿಟ್‌ಗಳ ಖಾತೆಯಾದ ಎಬಿಸಿಯ ಐಡಿ ಬೇಕು, ಎಬಿಸಿಗೆ ಆಧಾರ್ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಎಂದಿದ್ದರೆ ಪ್ರವೇಶದ ಕಡೇ ವಾರದಲ್ಲಿ ಓಡಾಡಬೇಕಾಗುತ್ತದೆ, ತಿದ್ದುಪಡಿಯನ್ನು ಈಗಲೇ ಮಾಡಿಸಿ. ಇದೆಲ್ಲವನ್ನೂ ಐದು ಜನ ಹಂಚಿಕೊಂಡು ವಿಚಾರಿಸಿದರೆ ಒಂದು ವಾರದ ಕೆಲಸ. ಒಬ್ಬರೇ ಆದರೆ ಸೈಬರ್ ಸೆಂಟರ್‌ನವನು ಹೇಳಿದ್ದೇ ಕೊನೆಯ ಮಾತು.

ಯಾವ ವಿಶ್ವವಿದ್ಯಾಲಯ ಎಂಬುದಕ್ಕೆ ನನ್ನ ಉತ್ತರ ಭಾಷೆಯ ಮೇಲೆ ನಿಂತಿದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೆ ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕನ್ನಡ ಪಠ್ಯವೇ ಸರಿ. ಇಗ್ನೋದ ಪುಸ್ತಕಗಳು ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿವೆ. ದೊಡ್ಡ ಹೆಸರು ಎಂದು ಹೋಗಿ, ದಿನದ ಮೂರು ಗಂಟೆಯಲ್ಲಿ ಎರಡನ್ನು ಪದಕೋಶ ತಿರುವುವುದರಲ್ಲೇ ಕಳೆದರೆ ಮೇಲೆ ಹೇಳಿದ 3600 ಗಂಟೆಯ ಲೆಕ್ಕವೇ ತಲೆಕೆಳಗು. ಇಂಗ್ಲಿಷ್ ಚೆನ್ನಾಗಿ ಬರುವವರಿಗೆ, ಗುಳೆಯಲ್ಲೋ ಹೊರರಾಜ್ಯದಲ್ಲೋ ಇರುವವರಿಗೆ ಇಗ್ನೋ ಅನುಕೂಲ. ಒಂದೇ ಗುಂಪಿನವರು ಒಂದೇ ಕಡೆ ಸೇರಲಿ ಎನ್ನುವುದೂ ಇದಕ್ಕೇ, ಪುಸ್ತಕ ಬೇರೆಬೇರೆಯಾದರೆ ಕೂಡಿ ಓದಲು ಏನೂ ಉಳಿಯುವುದಿಲ್ಲ.

ಎಲ್ಲಿ ಕೂಡುವುದು ಎನ್ನುವುದು ಬಾಕಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಹೊಣೆ ನೇರವಾಗಿ ಪಂಚಾಯಿತಿಯದು. ಹಾಗಾಗಿ ಮನವಿ ಯಾರಿಗೆ ಕೊಡಬೇಕೆಂಬ ಗೊಂದಲವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಗುಂಪಿನವರೆಲ್ಲ ಸಹಿ ಹಾಕಿದ ಒಂದು ಹಾಳೆ ಕೊಡಿ: ವಾರದಲ್ಲಿ ಎರಡು ಸಂಜೆ ಕೇಂದ್ರವನ್ನು ಎಂಟರವರೆಗೆ ತೆರೆದಿಡಬೇಕು, ಮೇಲ್ವಿಚಾರಕರಿಗೆ ಆ ಹೆಚ್ಚಿನ ಹೊತ್ತಿಗೆ ಗೌರವಧನ ಗೊತ್ತುಮಾಡಬೇಕು, ಪದವಿಯ ಪಠ್ಯಪುಸ್ತಕಗಳ ಒಂದು ಸೆಟ್ ತರಿಸಬೇಕು. ಮೇಲ್ವಿಚಾರಕರ ದುಡಿಮೆಗೆ ದುಡ್ಡು ಕೇಳುವುದನ್ನು ಮರೆಯಬೇಡಿ, ಪುಕ್ಕಟೆ ಸೇವೆ ಎಂದು ಶುರುವಾದದ್ದು ಎರಡನೇ ತಿಂಗಳಿಗೆ ಬೀಗ ಬೀಳುತ್ತದೆ. ಪಂಚಾಯಿತಿ ಒಪ್ಪದಿದ್ದರೆ ಊರಿನ ಶಾಲೆಯ ಮುಖ್ಯ ಗುರುಗಳನ್ನು ಒಂದು ಕೋಣೆಗಾಗಿ ಕೇಳಿ. ಗುಂಪಿನ ಐವರಲ್ಲಿ ಇಬ್ಬರು ನಡುವೆ ಬಿಟ್ಟರೆ ಉಳಿದ ಮೂವರು ಹೊಸಬರನ್ನು ಹುಡುಕಬಹುದು, ಪ್ರವೇಶ ಹೇಗೂ ಆರು ತಿಂಗಳಿಗೊಮ್ಮೆ ತೆರೆಯುತ್ತದೆ. ಬಿಟ್ಟವರನ್ನು ಆಡಿಕೊಳ್ಳಬೇಡಿ, ಅವರು ಮುಂದಿನ ಪ್ರವೇಶಕ್ಕೆ ಬಂದಾರು. ಮರಳಿ ಹೋಬಳಿಯಲ್ಲಿ ಇಂಥ ಎರಡು ಗುಂಪುಗಳಾದರೆ, ಗಂಗಾವತಿಯ ಕಾಲೇಜಿನ ಅಧ್ಯಾಪಕರೊಬ್ಬರನ್ನು ತಿಂಗಳಿಗೊಂದು ಭಾನುವಾರ ಕರೆಸಿ, ಬಸ್ಸಿನ ಖರ್ಚು ಕೊಟ್ಟು, ಅರ್ಥವಾಗದ ಅಧ್ಯಾಯಗಳನ್ನು ಕೇಳಿ ತಿಳಿಯಬಹುದು. ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಒಂದು ವಾರ ಮೊದಲೇ ಬರೆದು ಕಳಿಸಿ.

ಇಂತಿ,
ನಿಮ್ಮ ಹಿತ ಬಯಸುವ
ಒಬ್ಬ ಓದುಗ